ಮನೆಯವರು ವಾಸಿಸದ ಮನೆ: ಕೆಡಲ್‌ಸ್ಟನ್ ಹಾಲ್ ನೋಡುವ ಬಗೆ

ಇಂಗ್ಲೆಂಡಿನ ಡರ್ಬಿ ನಗರದಿಂದ ವಾಯವ್ಯಕ್ಕೆ ಏಳೆಂಟು ಕಿಲೋಮೀಟರ್ ಹೋದರೆ ಕೆಡಲ್‌ಸ್ಟನ್ ಹಾಲ್ ಎಂಬ ಮನೆ ಸಿಗುತ್ತದೆ. ಮನೆ ಎನ್ನುತ್ತೇವೆ ಅಷ್ಟೇ, ಅದರ ಮುಂಭಾಗದ ಉದ್ದವೇ ಸುಮಾರು 107 ಮೀಟರ್. ನಡುವೆ ಒಂದು ಭಾರೀ ಕಟ್ಟಡ, ಅದರ ಆಚೆಗೊಂದು ಈಚೆಗೊಂದು ಚಿಕ್ಕ ಕಟ್ಟಡ. ಮೂರನ್ನೂ ಕೂಡಿಸಲು ಕಾಲುವೃತ್ತದಂತೆ ಬಾಗಿದ ಎರಡು ಮೊಗಸಾಲೆಗಳಿವೆ. ಎದುರು ನಿಂತವರಿಗೆ ಕಣ್ಣು ತುಂಬುವುದು ನಡುವಿನ ಕಟ್ಟಡವೇ. ಆದರೆ ಈ ಮನೆಯ ಗುಟ್ಟು ಅರ್ಥವಾಗಬೇಕಾದರೆ ಒಂದು ವಿಷಯ ಮೊದಲೇ ತಿಳಿದಿರಬೇಕು: ಆ ನಡುವಿನ ಕಟ್ಟಡ ಮನೆಯವರ ವಾಸಕ್ಕೆಂದು ಕಟ್ಟಿದ್ದಲ್ಲ. ಅವರು ಮಲಗುತ್ತಿದ್ದುದು, ಮಕ್ಕಳನ್ನು ಆಡಿಸುತ್ತಿದ್ದುದು, ದಿನನಿತ್ಯದ ಬದುಕು ಸಾಗಿಸುತ್ತಿದ್ದುದು ಎಡಗಡೆಯ ಚಿಕ್ಕ ಕಟ್ಟಡದಲ್ಲಿ. ಬಲಗಡೆಯದು ಅಡುಗೆಮನೆ. ನಡುವಿನದು ಬಂದವರಿಗೆ ತೋರಿಸಲಿಕ್ಕೆ.

ಇಷ್ಟು ಹಣ ಸುರಿದು ಬರೀ ತೋರಿಸುವುದಕ್ಕೆ ಯಾರಾದರೂ ಮನೆ ಕಟ್ಟುತ್ತಾರೆಯೇ ಎಂದರೆ, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಟ್ಟುತ್ತಿದ್ದರು, ಅದಕ್ಕೆ ಕಾರಣವೂ ಇತ್ತು. 'ಕಂಟ್ರಿ ಹೌಸ್' ಎಂದಾಗ ನಮಗೆ ತೋಟದ ಮನೆಯ ಚಿತ್ರ ಮೂಡಬಹುದು. ಅದು ಸರಿಯಲ್ಲ. ಸಾವಿರಾರು ಎಕರೆ ಜಮೀನು, ಅದನ್ನು ಗೇಣಿಗೆ ಮಾಡುವ ರೈತರು, ಆ ಗೇಣಿಯ ಹಣ, ಆ ಹಣದ ಬಲದಿಂದ ಸುತ್ತಲ ಸೀಮೆಯ ರಾಜಕೀಯದ ಮೇಲೆ ಹಿಡಿತ, ಪಾರ್ಲಿಮೆಂಟಿನಲ್ಲಿ ಜಾಗ, ಇವೆಲ್ಲವೂ ಒಂದು ಕಡೆ ಸೇರಿ ಕಣ್ಣಿಗೆ ಕಾಣುವ ಆಕಾರ ಪಡೆದದ್ದು ಈ ಮನೆಗಳಲ್ಲಿ. ಆ ಕಾಲದ ಜಮೀನ್ದಾರನಿಗೆ ಕೋಟೆ ಬೇಕಿರಲಿಲ್ಲ, ಅಂತರ್ಯುದ್ಧಗಳು ಮುಗಿದು ಒಂದು ಶತಮಾನವೇ ಕಳೆದಿತ್ತು. ಅವನಿಗೆ ಬೇಕಿದ್ದುದು ತಾನು ಹಣವಂತ ಮಾತ್ರವಲ್ಲ, ರುಚಿಯುಳ್ಳವನು, ರೋಮನ್ ಸಾಮ್ರಾಜ್ಯದ ಗಂಭೀರ ಪೌರರ ವಾರಸುದಾರ ಎಂದು ನೆರೆಹೊರೆಗೆ ಸಾರುವ ಕಟ್ಟಡ.

ಕೆಡಲ್‌ಸ್ಟನ್‌ನ ಕರ್ಜನ್ ಮನೆತನ ಹನ್ನೆರಡನೆಯ ಶತಮಾನದಿಂದಲೇ ಅಲ್ಲಿ ಬೇರೂರಿತ್ತು. 1758ರಲ್ಲಿ ತಂದೆ ತೀರಿಕೊಂಡ ಮೇಲೆ ಆಸ್ತಿ ಸರ್ ನಥೇನಿಯಲ್ ಕರ್ಜನ್ ಕೈಗೆ ಬಂತು. ವಯಸ್ಸು ಮೂವತ್ತರ ಆಚೀಚೆ, ಕಲೆಯ ಹುಚ್ಚು, ಕೈತುಂಬ ಹಣ. 1700ರ ಸುಮಾರಿಗೆ ಕಟ್ಟಿಸಿದ ಇಟ್ಟಿಗೆಯ ಮನೆ ಇನ್ನೂ ಗಟ್ಟಿಮುಟ್ಟಾಗಿಯೇ ಇತ್ತು. ಅದನ್ನು ಕೆಡವಿಸಿದ. ಅದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಡೆವನ್‌ಶೈರ್ ಡ್ಯೂಕ್‌ಗಳ ಚ್ಯಾಟ್ಸ್‌ವರ್ತ್ ಎಂಬ ಮಹಾಮನೆ ಇತ್ತು. ಡ್ಯೂಕ್‌ಗಳದು ವಿಗ್ ಪಕ್ಷ, ಕರ್ಜನ್ನರದು ಟೋರಿ. ಪೈಪೋಟಿಗೆ ಬೇರೆ ಕಾರಣ ಬೇಕೇ?

ಮನೆಯೊಂದೇ ಅಲ್ಲ, ಊರೂ ಅಡ್ಡಬಂತು. ಹಳೆಯ ಕೆಡಲ್‌ಸ್ಟನ್ ಹಳ್ಳಿ ಮನೆಗೆ ತೀರಾ ಹತ್ತಿರವಿತ್ತು. ಹೊಸ ಮನೆಯ ಕಿಟಕಿಯಿಂದ ನೋಡಿದರೆ ಹಸಿರು ದಿಣ್ಣೆ, ನೀರು, ಮರಗಳ ಗುಂಪು ಕಾಣಬೇಕೇ ಹೊರತು ಒಕ್ಕಲಿನವರ ಹೊಗೆಗೂಡುಗಳಲ್ಲ. ಹಳ್ಳಿಯನ್ನು ಎತ್ತಿ ದೂರಕ್ಕೆ ಸಾಗಿಸಿದರು, ರಸ್ತೆಯನ್ನೂ ಸರಿಸಿದರು. ಕಟ್ಲರ್ ತೊರೆಗೆ ಕಟ್ಟೆ ಹಾಕಿ ಕೆರೆಗಳನ್ನಾಗಿ ಹರಡಿ, ಮೂರು ಕಮಾನಿನ ಸೇತುವೆ ಕಟ್ಟಿದರು. ಇಂದು ನೋಡುವವರು 'ಎಂಥ ಸಹಜ ಪ್ರಕೃತಿ' ಎಂದು ಹೊಗಳುವ ನೋಟದಲ್ಲಿ ಬಹುಪಾಲು ಅಗೆದು ತುಂಬಿ ಮಾಡಿದ್ದು. ಎತ್ತಲಾಗದೆ ಉಳಿದದ್ದು ಒಂದೇ, ಹಳ್ಳಿಯ ಆಲ್ ಸೇಂಟ್ಸ್ ಚರ್ಚು. ಕರ್ಜನ್ನರ ಪೂರ್ವಿಕರೆಲ್ಲ ಅಲ್ಲಿ ಮಲಗಿದ್ದಾರೆ, ಅದನ್ನು ಕೆಡವುವವರು ಯಾರು? ಹೀಗಾಗಿ ಊರಿಲ್ಲದ ಊರಚರ್ಚು ಮಹಾಭವನದ ಮಗ್ಗುಲಿಗೆ ಅಂಟಿಕೊಂಡು ಇವತ್ತಿಗೂ ನಿಂತಿದೆ. ಈ ಭವ್ಯತೆಗೆ ಜಾಗ ಬಿಟ್ಟುಕೊಟ್ಟವರ ಗುರುತೆಂದರೆ ನನ್ನ ಮಟ್ಟಿಗೆ ಅದೇ.

ಇನ್ನು ಮನೆಯ ನಕ್ಷೆ. ಇದಕ್ಕೆ ಮೂವರು ವಾಸ್ತುಶಿಲ್ಪಿಗಳು ಕೈಹಾಕಿದರು. ಮೊದಲನೆಯವ ಮ್ಯಾಥ್ಯೂ ಬ್ರೆಟಿಂಗ್‌ಹ್ಯಾಮ್. ಅವನು ಮಾದರಿಗೆ ಹಿಡಿದದ್ದು ಹದಿನಾರನೆಯ ಶತಮಾನದ ಇಟಲಿಯ ಆಂದ್ರೆಯ ಪಲ್ಲಾಡಿಯೊನನ್ನು. ವೆನಿಸ್ ಸುತ್ತಲಿನ ಶ್ರೀಮಂತರಿಗೆ ಜಮೀನಿನ ಮಧ್ಯೆ ವಿಲ್ಲಾಗಳನ್ನು ಕಟ್ಟಿಕೊಟ್ಟ ಪಲ್ಲಾಡಿಯೊ ತನ್ನ ನಕ್ಷೆಗಳನ್ನು 1570ರಲ್ಲಿ ಅಚ್ಚುಹಾಕಿಸಿದ್ದ. ಆ ಪುಟಗಳು ಇಂಗ್ಲಿಷ್ ಜಮೀನ್ದಾರರ ಪಾಲಿಗೆ ಸುಮಾರು ಒಂದೂವರೆ ಶತಮಾನದ ನಂತರ ವೇದವಾದವು. ಅವನ ಸೂತ್ರ ಹೇಳುವುದು ಸುಲಭ. ನಡುವೆ ಗೆರೆ ಎಳೆದರೆ ಎಡವೂ ಬಲವೂ ಒಂದೇ ಆಗಿರಬೇಕು. ಮುಂಬಾಗಿಲಿಗೆ ರೋಮನ್ ದೇವಾಲಯದ ಮುಖ ಬೇಕು, ಎಂದರೆ ಸಾಲುಗಂಬ, ಮೇಲೆ ತ್ರಿಕೋನದ ಮುಡಿ. ಮುಖ್ಯ ಕೋಣೆಗಳು ನೆಲಮಟ್ಟದಲ್ಲಿರದೆ ಒಂದು ಅಂತಸ್ತು ಮೇಲಿರಬೇಕು. ಕೆಳಗಿನ ಅಂತಸ್ತಿನ ಹೊರಗೋಡೆ ಒರಟು ಕಲ್ಲಿನದು, ಕಿಟಕಿ ಚಿಕ್ಕದು, ಒಳಗೆ ಆಳುಕಾಳುಗಳ ಓಡಾಟ. ಅತಿಥಿಯಾದವನು ಹೊರಗಿನ ಮೆಟ್ಟಿಲು ಹತ್ತಿ ನೇರ ಮೇಲಿನ ಅಂತಸ್ತಿಗೇ ಕಾಲಿಡುತ್ತಾನೆ. ಗೋಡೆಯ ಮೇಲೆ ಕಿಟಕಿಗಳ ಎತ್ತರ ನೋಡಿದರೆ ಸಾಕು, ಯಾವ ಅಂತಸ್ತು ಯಾರದೆಂದು ಒಳಗೆ ಹೋಗದೆಯೇ ಹೇಳಬಹುದು. ಇಂಗ್ಲೆಂಡಿನ ಯಾವುದೇ ಪಲ್ಲಾಡಿಯನ್ ಮನೆಯ ಎದುರು ನಿಂತಾಗಲೂ ಈ ಲೆಕ್ಕ ತಪ್ಪುವುದು ಕಡಿಮೆ.

ಬ್ರೆಟಿಂಗ್‌ಹ್ಯಾಮ್ ಹಾಕಿದ ನಕ್ಷೆಯಲ್ಲಿ ನಡುವಿನ ಕಟ್ಟಡದ ನಾಲ್ಕು ಮೂಲೆಗೂ ಒಂದೊಂದು ರೆಕ್ಕೆ, ಎಂದರೆ ಮೊಗಸಾಲೆಯಿಂದ ಕೂಡಿಸಿದ ಚಿಕ್ಕ ಕಟ್ಟಡ, ಇತ್ತು. ಮನೆಯವರ ವಾಸದ ಈಶಾನ್ಯದ ರೆಕ್ಕೆಯನ್ನು ಕಟ್ಟುವಷ್ಟರಲ್ಲಿ ಅವನ ಜಾಗಕ್ಕೆ ಜೇಮ್ಸ್ ಪೇನ್ ಬಂದ. ಪೇನ್ ಅಡುಗೆಮನೆಯ ರೆಕ್ಕೆಯನ್ನೂ ಆರು ಕಂಬಗಳ ಉತ್ತರದ ಮುಖವನ್ನೂ ಮೇಲೆಬ್ಬಿಸುತ್ತಿದ್ದಾಗ ಮೂರನೆಯವ ಒಳನುಗ್ಗಿದ. ಅವನೇ ಸ್ಕಾಟ್ಲೆಂಡಿನ ರಾಬರ್ಟ್ ಆಡಮ್. ಇಟಲಿಯಲ್ಲಿ ಕೆಲವು ವರ್ಷ ಹಾಳುಬಿದ್ದ ರೋಮನ್ ಕಟ್ಟಡಗಳನ್ನು ಅಳೆದು, ಬರೆದುಕೊಂಡು 1758ರಲ್ಲಷ್ಟೇ ಹಿಂದಿರುಗಿದ್ದ. ಅವನಿಗೆ ಮೊದಲು ಸಿಕ್ಕ ಕೆಲಸ ಉದ್ಯಾನದ ಚಿಕ್ಕಪುಟ್ಟ ಕಟ್ಟಡಗಳದು. 1760ರ ಹೊತ್ತಿಗೆ ಇಡೀ ಮನೆಯೇ ಅವನ ಕೈಯಲ್ಲಿತ್ತು. ಪೇನ್ ಪಕ್ಕಕ್ಕೆ ಸರಿದ.

ಹಿಂದಿನಿಬ್ಬರು ಪಲ್ಲಾಡಿಯೊನ ಮೂಲಕ ರೋಮನ್ನು ನೋಡಿದ್ದರೆ ಆಡಮ್ ರೋಮನ್ನೇ ಕಣ್ಣಾರೆ ಕಂಡು ಬಂದಿದ್ದ. ಈ ವ್ಯತ್ಯಾಸ ತಿಳಿಯಬೇಕಾದರೆ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಬೇಕು. ಉತ್ತರದ ಮುಖ ಗಂಭೀರ, ಚಪ್ಪಟೆ, ನಿಯಮಬದ್ಧ. ದಕ್ಷಿಣಕ್ಕೆ ಬಂದರೆ ಬೇರೆಯೇ ಮನೆ. ಅಲ್ಲಿ ಆಡಮ್ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿಯ ವಿಜಯದ ಕಮಾನನ್ನೇ ತಂದು ಗೋಡೆಗೆ ಹಚ್ಚಿದ್ದಾನೆ. ಗೋಡೆಯಿಂದ ಮುಂದೆ ಬಂದು ನಿಂತ ನಾಲ್ಕು ಕಂಬ, ಪ್ರತಿ ಕಂಬದ ತಲೆಯ ಮೇಲೊಂದು ಪ್ರತಿಮೆ, ಹಿಂದೆ ತಗ್ಗು ಗುಮ್ಮಟ, ಮುಂದೆ ಇಬ್ಬದಿಗೆ ಬಾಗಿ ಇಳಿಯುವ ಮೆಟ್ಟಿಲು. ಕಟ್ಟಡದ ಮುಖ ಮುಂದಕ್ಕೆ ಉಬ್ಬಬೇಕು, ಹಿಂದಕ್ಕೆ ಸರಿಯಬೇಕು, ಏರಬೇಕು, ಇಳಿಯಬೇಕು ಎನ್ನುವುದು ಆಡಮ್‌ನ ಹಟ. ಇದಕ್ಕೆ ಅವನು 'ಚಲನೆ' ಎನ್ನುತ್ತಿದ್ದ. ಆ ಮುಖದ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ ಬರಹದ ಪ್ರಕಾರ ಮನೆ ಕಟ್ಟಿಸಿದ್ದು 'ಗೆಳೆಯರಿಗಾಗಿ, ತನಗಾಗಿ'. ಗೆಳೆಯರು ಮೊದಲು, ತಾನು ಆಮೇಲೆ.

ದಕ್ಷಿಣದ ಎರಡು ರೆಕ್ಕೆಗಳು ಮಾತ್ರ ಮೇಲೇಳಲೇ ಇಲ್ಲ. ಕಾಗದದಲ್ಲಿ ನಾಲ್ಕು, ನೆಲದ ಮೇಲೆ ಎರಡು. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಳಗೆ ಹೋದರೆ ಮೊದಲು ಸಿಗುವುದು ಅಮೃತಶಿಲೆಯ ಹಜಾರ. ಹೆಸರು ಹಾಗಿದ್ದರೂ ಅಲ್ಲಿನ ಕಂಬಗಳು ಅಮೃತಶಿಲೆಯವಲ್ಲ, ಅಲಬಾಸ್ಟರ್ ಎಂಬ ಮೆದು ಕಲ್ಲಿನವು. ಒಟ್ಟು 20 ಕಂಬ, ಒಂದೊಂದೂ ಸುಮಾರು 25 ಅಡಿ ಎತ್ತರ. ಕಲ್ಲು ಬಂದದ್ದು ಇಟಲಿಯಿಂದಲ್ಲ, ನಾಟಿಂಗ್‌ಹ್ಯಾಮ್‌ಶೈರಿನಲ್ಲಿ ಕರ್ಜನ್ನರದೇ ಜಮೀನಿನ ಗಣಿಯಿಂದ. ಹತ್ತಿರ ಹೋಗಿ ನೋಡಿದರೆ ಮಾಸಲು ಗುಲಾಬಿ ಮೈಯಲ್ಲಿ ಕಂದು, ಹಸಿರು ನರಗಳು ಹರಿದಿರುವುದು ಕಾಣುತ್ತದೆ, ಎರಡು ಕಂಬ ಒಂದೇ ಥರ ಇಲ್ಲ. ಕಂಬಗಳ ಮೈಮೇಲಿನ ಉದ್ದನೆಯ ತೋಡುಗಳನ್ನು ಆಮೇಲೆ, ನಿಲ್ಲಿಸಿದ ಜಾಗದಲ್ಲೇ ಕೆತ್ತಿದ್ದು. ಗೋಡೆಗಳಲ್ಲಿ ಕಿಟಕಿಗಳೇ ಇಲ್ಲ. ಬೆಳಕು ಬೀಳುವುದು ಚಾವಣಿಯ ಗಾಜಿನಿಂದ. ರೋಮನ್ ಮನೆಯ ನಡುಮನೆಯಲ್ಲಿ ಆಕಾಶಕ್ಕೆ ತೆರೆದ ಅಂಗಳವಿರುತ್ತಿತ್ತಲ್ಲ, ಅದರ ಛಾಯೆ ಇದು. ನಮ್ಮ ಹಳೆಯ ತೊಟ್ಟಿಮನೆಗಳಲ್ಲಿ ಬೆಳೆದವರಿಗೆ ಮೇಲಿನಿಂದ ಇಳಿಯುವ ಬೆಳಕು ಹೊಸದೇನಲ್ಲ. ಆದರೆ ಇಲ್ಲಿ ಗಾಜು ಹಾಕಲೇಬೇಕಿತ್ತು, ಡರ್ಬಿಶೈರಿನ ಮಳೆ ಕೇಳಬೇಕಲ್ಲ.

ಹಜಾರ ದಾಟಿದರೆ ಸಲೂನ್, ಎಂದರೆ ಗುಮ್ಮಟದ ಕೋಣೆ. ಪೂರ್ತಿ ದುಂಡು. ಅಡ್ಡಳತೆ 42 ಅಡಿ, ಎತ್ತರ 62 ಅಡಿ. ಮಾದರಿ ರೋಮಿನ ಪ್ಯಾಂಥಿಯನ್ ದೇವಾಲಯ. ಗುಮ್ಮಟದ ಒಳಮೈಗೆ ಸಾಲು ಸಾಲು ಗುಂಡಿಗಳು, ನೆತ್ತಿಯಲ್ಲಿ ದುಂಡು ಕಿಂಡಿ. ಪ್ಯಾಂಥಿಯನ್ನಿನ ಅಡ್ಡಳತೆ ಇದರ ಮೂರು ಪಟ್ಟಿಗೂ ಮಿಗಿಲು, ಅದರ ಕಿಂಡಿ ಮಳೆಗೂ ಬಿಸಿಲಿಗೂ ತೆರೆದೇ ಇದೆ. ಇಲ್ಲಿ ಕಿಂಡಿಗೂ ಗಾಜು. ಆಡಮ್‌ನ ಜಾಣತನ ನನಗೆ ಹಿಡಿಸಿದ್ದು ಒಂದು ಚಿಕ್ಕ ವಿಷಯದಲ್ಲಿ. ಗೋಡೆಯ ಗೂಡುಗಳಲ್ಲಿ ರೋಮನ್ ಬಲಿಪೀಠದಂಥ ಆಕೃತಿಗಳಿವೆ, ಮೇಲೆ ಕಳಶ. ಪೂಜಾದ್ರವ್ಯದಂತೆ ಕಾಣುವ ಅವು ನಿಜಕ್ಕೂ ಎರಕದ ಕಬ್ಬಿಣದ ಒಲೆಗಳು. ರೋಮನ್ನರ ಹಾಗೆ ಕಾಣಬೇಕೆಂಬ ಆಸೆ ಎಷ್ಟಿದ್ದರೂ ಚಳಿಗೆ ಬೆಂಕಿ ಬೇಕೇ ಬೇಕು.

ಹಜಾರ ಮತ್ತು ಸಲೂನ್ ಮನೆಯ ಬೆನ್ನೆಲುಬು. ಅದರ ಪೂರ್ವಕ್ಕೆ ಸಂಗೀತದ ಕೋಣೆ, ಬೈಠಕ್ಕಿನ ಕೋಣೆ, ಗ್ರಂಥಾಲಯ. ಕಲೆಗಳಿಗೆಲ್ಲ ಒಂದು ಮಗ್ಗುಲು. ಪಶ್ಚಿಮಕ್ಕೆ ಊಟದ ಕೋಣೆ ಮತ್ತು ಗಣ್ಯ ಅತಿಥಿಗೆಂದು ಇಟ್ಟ ಮಲಗುವ ಕೋಣೆಗಳ ಸರಣಿ. ಅಲ್ಲಿಯ ಮಂಚದ ಕಂಬಗಳು ಈಚಲ ಮರದ ಆಕಾರದವು. ಬೈಠಕ್ಕಿನ ಕೋಣೆಯಲ್ಲಿ ಜಾನ್ ಲಿನೆಲ್ ಮಾಡಿದ ಸೋಫಾಗಳಿವೆ. ಕೈಯಿಡುವ ಕಡೆ, ಕಾಲುಗಳ ಕಡೆ ಚಿನ್ನದ ಮುಲಾಮಿನ ಮತ್ಸ್ಯಕನ್ಯೆಯರೂ ಮೀನುಬಾಲದ ಗಂಡಸರೂ ಒರಗಿಕೊಂಡಿದ್ದಾರೆ. ಕುಳಿತುಕೊಳ್ಳುವವರಿಗಿಂತ ಸೋಫಾವೇ ಹಾಯಾಗಿದೆ. ಸಂಗೀತದ ಕೋಣೆಯ ಅಗ್ಗಿಷ್ಟಿಕೆಯ ಚೌಕಟ್ಟಿನಲ್ಲಿ 'ಬ್ಲೂ ಜಾನ್' ಕಲ್ಲು ಕೂರಿಸಿದ್ದಾರೆ. ನೇರಳೆ ಹಳದಿ ಪಟ್ಟೆಗಳ ಈ ಕಲ್ಲು ಡರ್ಬಿಶೈರಿನ ಗುಡ್ಡಗಳದು. ಪೀಠೋಪಕರಣ, ಕನ್ನಡಿ ಚೌಕಟ್ಟು, ಜಮಖಾನ, ಚಾವಣಿಯ ಗಾರೆ ಚಿತ್ತಾರ ಎಲ್ಲವೂ ಒಂದೇ ಕೈಯ ಮಾತು ಕೇಳಬೇಕೆಂದು ಹಟ ಹಿಡಿದ ಮೊದಲಿಗರಲ್ಲಿ ಆಡಮ್ ಒಬ್ಬ. 'ಆಡಮ್ ಶೈಲಿ' ಎಂಬ ಮಾತಿನ ಅರ್ಥ ಇಷ್ಟೇ: ಕಟ್ಟಡ ಎಲ್ಲಿ ಮುಗಿದು ಅಲಂಕಾರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಆಗದು.

ಇಂಥ ಮನೆಯಲ್ಲಿ ಊಟ ಬಿಸಿಯಾಗಿ ಸಿಗುತ್ತಿತ್ತೇ? ಅನುಮಾನ. ಅಡುಗೆಮನೆಯನ್ನು ಬೇರೆ ಕಟ್ಟಡಕ್ಕೆ ತಳ್ಳಿದ್ದಕ್ಕೆ ಬೆಂಕಿಯ ಭಯ, ವಾಸನೆ, ಗದ್ದಲ ಎಲ್ಲವೂ ಕಾರಣ. ಆದರೆ ಅಲ್ಲಿ ಬೆಂದ ಮಾಂಸ ಬಾಗಿದ ಮೊಗಸಾಲೆಯ ಉದ್ದಕ್ಕೂ ಪಯಣ ಮಾಡಿ, ನಡುವಿನ ಕಟ್ಟಡ ಸೇರಿ, ಊಟದ ಮೇಜಿಗೆ ಬರಬೇಕಿತ್ತು. ಆ ಅಡುಗೆಮನೆಯ ಒಲೆಯ ಮೇಲೆ ಇಂದಿಗೂ ಒಂದು ಬರಹವಿದೆ, ಪೋಲು ಮಾಡದಿದ್ದರೆ ಕೊರತೆಯೂ ಬಾರದು ಎಂಬ ಅರ್ಥದ್ದು. ಬರೆಸಿದವರು ಅದನ್ನು ಯಾವ ಕಟ್ಟಡದಲ್ಲಿ ಬರೆಸಿದರು ನೋಡಿ. ನಡುವಿನ ಕಟ್ಟಡದಲ್ಲಿ ಅಂಥ ಬುದ್ಧಿಮಾತು ಎಲ್ಲಿಯೂ ಇಲ್ಲ.

ಮನೆ ತೋರಿಸುವುದಕ್ಕೇ ಕಟ್ಟಿದ್ದೆಂದು ಹೇಳಿದೆನಲ್ಲ, ಅದು ಅಲಂಕಾರದ ಮಾತಲ್ಲ. ಒಳಗಿನ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, 1769ರಲ್ಲಿ, ಅಲ್ಲಿನ ಚಿತ್ರ ಮತ್ತು ಶಿಲ್ಪಗಳ ಪಟ್ಟಿ ಅಚ್ಚಾಗಿತ್ತು. ಮರ್ಯಾದಸ್ಥರಂತೆ ಕಾಣುವ ಯಾರು ಬಂದರೂ ಮನೆ ನೋಡಬಹುದಿತ್ತು. ತೋರಿಸುತ್ತಿದ್ದವಳು ಮನೆಯ ಮೇಲ್ವಿಚಾರಕಿ ಶ್ರೀಮತಿ ಗಾರ್ನೆಟ್. ಯಜಮಾನರ ಸಾಲು ಸಾಲು ಭಾವಚಿತ್ರಗಳಿರುವ ಮನೆಯಲ್ಲಿ ಅವಳದೂ ಒಂದಿದೆ, ಕೈಯಲ್ಲಿ ಅದೇ ಪಟ್ಟಿ ಹಿಡಿದು ನಿಂತಿದ್ದಾಳೆ. ಕೆಲಸದವರ ಚಿತ್ರ ಬರೆಸುವುದು ಆ ಕಾಲಕ್ಕೆ ಅಪರೂಪ. ಅವಳ ಕೆಲಸಕ್ಕೆ ಅಷ್ಟು ಬೆಲೆ ಇತ್ತು ಎಂದಾಯಿತು.

ಬಂದವರೆಲ್ಲ ತಲೆದೂಗಿದರೆಂದಲ್ಲ. ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1777ರಲ್ಲಿ ಬಂದು ನೋಡಿ, ಇದು ಟೌನ್‌ಹಾಲ್ ಆಗಲಿಕ್ಕೆ ಚೆನ್ನಾಗಿದೆ ಎಂದ. ಕಂಬದ ಹಜಾರದಲ್ಲಿ ನ್ಯಾಯಾಧೀಶರು ಕೂರಬಹುದು, ದುಂಡು ಕೋಣೆಯಲ್ಲಿ ಜ್ಯೂರಿ, ಮೇಲಿನ ಕೋಣೆಯಲ್ಲಿ ಕೈದಿಗಳು! ಕುಹಕವಿರಬಹುದು, ಆದರೆ ಮಾತು ಸರಿಯಾಗಿಯೇ ನಾಟುತ್ತದೆ. ಹಬ್ಬಕ್ಕೆಂದು ಅಟ್ಟದಲ್ಲಿಟ್ಟ ಬೆಳ್ಳಿ ತಟ್ಟೆಯಂತೆ ಇದು ಬಳಕೆಗಿಂತ ಹೆಚ್ಚಾಗಿ ಇದೆ ಎನ್ನುವುದಕ್ಕೇ ಇದ್ದ ಮನೆ. ಸಾರ್ವಜನಿಕ ಕಟ್ಟಡದ ಗುಣವೇ ಅದಕ್ಕೆ ಹೆಚ್ಚು.

ಜಾನ್ಸನ್ ಹೇಳಿದ್ದು ಒಂದು ರೀತಿಯಲ್ಲಿ ನಿಜವಾದದ್ದು ಕಲ್ಕತ್ತದಲ್ಲಿ. 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ರಿಚರ್ಡ್ ವೆಲ್ಲೆಸ್ಲಿಗೆ ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರಿಗಳ ಹಾಗೆ ಬದುಕುವುದು ಒಗ್ಗಲಿಲ್ಲ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ 1799ರಲ್ಲೇ ಅವನ ಗವರ್ನಮೆಂಟ್ ಹೌಸಿನ ಕೆಲಸ ಶುರುವಾಯಿತು, 1803ರಲ್ಲಿ ಮುಗಿಯಿತು. ಕಟ್ಟಿದವನು ಸೇನೆಯ ಎಂಜಿನಿಯರ್ ಚಾರ್ಲ್ಸ್ ವ್ಯಾಟ್. ಅವನ ಚಿಕ್ಕಪ್ಪನ ವರಸೆಯ ಸ್ಯಾಮ್ಯುಯೆಲ್ ವ್ಯಾಟ್ ಕೆಡಲ್‌ಸ್ಟನ್‌ನಲ್ಲಿ ಬಡಗಿಯಾಗಿ, ಮೇಸ್ತ್ರಿಯಾಗಿ ದುಡಿದಿದ್ದ. ಹೀಗೆ ಡರ್ಬಿಶೈರಿನ ನಕ್ಷೆ ಹೂಗ್ಲಿಯ ದಡಕ್ಕೆ ಬಂತು. ಅಲ್ಲಿ ಕಾಗದದಲ್ಲಿ ನಾಲ್ಕಿದ್ದು ನೆಲದ ಮೇಲೆ ಎರಡೇ ಆದ ರೆಕ್ಕೆಗಳು ಇಲ್ಲಿ ನಾಲ್ಕೂ ಎದ್ದವು. ಅದಕ್ಕೆ ಆಡಂಬರವೊಂದೇ ಕಾರಣವಲ್ಲ. ಇಂಗ್ಲೆಂಡಿನ ಚಳಿಯಲ್ಲಿ ಮೈ ಚಾಚಿ ಮಲಗಿದ ಮನೆ ತೊಂದರೆಯಾದರೆ, ಬಂಗಾಳದ ಸೆಕೆಯಲ್ಲಿ ಅದೇ ವರ. ಬಿಡಿಬಿಡಿಯಾಗಿ ನಿಂತ ರೆಕ್ಕೆಗಳ ನಡುವೆ ಯಾವ ದಿಕ್ಕಿನ ಗಾಳಿಯಾದರೂ ಸುಳಿಯುತ್ತದೆ. ಅಡುಗೆಮನೆಯ ಕಥೆ ಮಾತ್ರ ಇನ್ನೂ ಕೆಟ್ಟಿತು. ಇಲ್ಲಿ ಅದು ಕಟ್ಟಡದಲ್ಲೇ ಇರಲಿಲ್ಲ, ಆವರಣದ ಹೊರಗಿಂದ ಆಳುಗಳು ಪೆಟ್ಟಿಗೆಯಲ್ಲಿ ಊಟ ಹೊತ್ತು ತರುತ್ತಿದ್ದರು. ಖರ್ಚು ನೋಡಿ ಲಂಡನ್ನಿನ ಕಂಪನಿ ನಿರ್ದೇಶಕರು ಕೆಂಡವಾದರು. 1805ರಲ್ಲಿ ವೆಲ್ಲೆಸ್ಲಿ ವಾಪಸಾದ. ಆ ಕಟ್ಟಡವೇ ಇಂದಿನ ಕೋಲ್ಕತ್ತದ ರಾಜಭವನ.

ನೂರು ವರ್ಷ ಕಳೆದ ಮೇಲೆ, 1899ರಲ್ಲಿ, ಆ ಮನೆಗೆ ವೈಸ್‌ರಾಯ್ ಆಗಿ ಬಂದವನು ಕೆಡಲ್‌ಸ್ಟನ್‌ನಲ್ಲೇ 1859ರಲ್ಲಿ ಹುಟ್ಟಿದ ಜಾರ್ಜ್ ನಥೇನಿಯಲ್ ಕರ್ಜನ್. ನಮ್ಮ ಪಠ್ಯಪುಸ್ತಕಗಳಲ್ಲಿ ಬಂಗಾಳ ವಿಭಜನೆಯ ಜೊತೆಗೆ ಬರುವ ಅದೇ ಕರ್ಜನ್. ಪೂರ್ವಿಕರ ಕಾಲದ ಮನೆಯ ಪಡಿಯಚ್ಚಿನಲ್ಲಿ ಕುಳಿತು ಪರರಾಜ್ಯ ಆಳಿದ. ಈ ಮನುಷ್ಯನಿಗೆ ಹಳೆಯ ಕಟ್ಟಡ ಎಂದರೆ ಜೀವ. ನಮ್ಮ ವಿಜಯಪುರದಲ್ಲಿ ಒಂದು ಮಸೀದಿ ಡಾಕ್ ಬಂಗಲೆಯಾಗಿತ್ತು, ಇನ್ನೊಂದರಲ್ಲಿ ಅಂಚೆ ಕಚೇರಿಯ ಅವಶೇಷವಿತ್ತು. ಎರಡನ್ನೂ ತೆರವು ಮಾಡಿಸಿದವನು ಇವನೇ. 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯ್ದೆ ತಂದವನೂ ಇವನೇ. ಜನರ ಮಾತಿಗೆ ಕಿವಿಗೊಡದೆ ಪ್ರಾಂತ್ಯವನ್ನೇ ಸೀಳಿದವನು ಕಲ್ಲುಗಳ ವಿಷಯದಲ್ಲಿ ಅಷ್ಟು ಮೃದುವಾಗಿದ್ದ. ಇವೆರಡನ್ನೂ ಒಟ್ಟಿಗೇ ಹೇಳಬೇಕಾಗುತ್ತದೆ.

ಅವನು ಏಷ್ಯಾದಿಂದ ಕೂಡಿಸಿ ಒಯ್ದ ವಸ್ತುಗಳು ಈಗ ಕೆಡಲ್‌ಸ್ಟನ್‌ನ ಕೆಳ ಅಂತಸ್ತಿನ ವಸ್ತುಸಂಗ್ರಹದಲ್ಲಿವೆ. ಅಲ್ಲಿಯ ಹೆಸರಾಂತ ವಸ್ತು ಅವನ ಹೆಂಡತಿ ಮೇರಿ 1903ರ ದೆಹಲಿ ದರ್ಬಾರಿನ ನೃತ್ಯಕೂಟಕ್ಕೆ ತೊಟ್ಟ ನವಿಲಿನ ಉಡುಪು. ಬಟ್ಟೆಗೆ ಜರ್ದೋಸಿ ಕೆಲಸ ಮಾಡಿದವರು ದೆಹಲಿಯ ಕಸೂತಿಗಾರರು, ಉಡುಪಾಗಿ ಹೊಲಿದದ್ದು ಪ್ಯಾರಿಸ್ಸಿನ ವರ್ತ್ ಅಂಗಡಿ. ತೂಕ ನಾಲ್ಕೂವರೆ ಕಿಲೋ. ಒಂದರ ಮೇಲೊಂದು ಹೊದಿಸಿದ ಚಿನ್ನದೆಳೆಯ ಗರಿಗಳು, ಪ್ರತಿ ಗರಿಯ ಕಣ್ಣಿನ ಜಾಗದಲ್ಲಿ ಹಸಿರು ಮಿನುಗು. ಹರಳು ಎಂದುಕೊಳ್ಳುತ್ತೇವೆ. ಅಲ್ಲ, ಅದು ಜೀರುಂಡೆಯ ರೆಕ್ಕೆಯ ಕವಚ. ಜರಿಯ ಹೊಳಪು ಕಾಲಕ್ಕೆ ಕಂದಿದೆ, ಕೀಟದ ರೆಕ್ಕೆಯ ಹಸಿರು ಹಾಗೇ ಇದೆ. ಮೇರಿ 1906ರಲ್ಲಿ ತೀರಿಕೊಂಡಾಗ ಕರ್ಜನ್ ಮಗ್ಗುಲಿನ ಅದೇ ಹಳೆ ಚರ್ಚಿಗೆ ಸ್ಮಾರಕದ ಹಜಾರ ಸೇರಿಸಿದ. 1925ರಲ್ಲಿ ಅವನೂ ಅಲ್ಲಿಗೇ ಸೇರಿದ.

ಇಂಥ ಮನೆಗಳ ಬುಡ ಅಲುಗಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಹೊರದೇಶದ ಅಗ್ಗದ ಧಾನ್ಯ ಬಂದು ಗೇಣಿ ಕುಸಿಯಿತು. 1894ರಲ್ಲಿ ವಾರಸು ತೆರಿಗೆ ಬಿಗಿಯಾಯಿತು, ಯಜಮಾನ ಸತ್ತರೆ ಆಸ್ತಿಯ ಒಂದು ಪಾಲು ಸರ್ಕಾರಕ್ಕೆ, ಆ ಪಾಲು ಬರಬರುತ್ತ ದೊಡ್ಡದಾಯಿತು. ಎರಡು ಮಹಾಯುದ್ಧಗಳ ನಂತರ ಆಳುಗಳೂ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ನೆಲಸಮವಾದ ಇಂಥ ಮನೆಗಳು ಸಾವಿರಕ್ಕೂ ಹೆಚ್ಚು. ಉಳಿದವು ಹಲವು ಹೋಟೆಲು, ಶಾಲೆಗಳಾದವು, ಕೆಲವು ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ಪಾಲಾದವು. ಕೆಡಲ್‌ಸ್ಟನ್ ಟ್ರಸ್ಟಿಗೆ ಸೇರಿದ್ದು 1987ರಲ್ಲಿ, ಅದೂ ಪರಂಪರೆಯ ರಕ್ಷಣೆಗಿರುವ ಸರ್ಕಾರಿ ನಿಧಿಯ ಭಾರೀ ನೆರವಿನಿಂದ. ತನ್ನ ಒಡೆತನದ ಯಾವ ಯಾವ ಮನೆಗಳಿಗೆ ವಸಾಹತುಶಾಹಿಯ, ಗುಲಾಮಗಿರಿಯ ನಂಟಿದೆ ಎಂದು ಟ್ರಸ್ಟ್ 2020ರಲ್ಲಿ ವರದಿ ತಂದಾಗ 93 ಜಾಗಗಳ ಹೆಸರು ಬಂತು, ಬ್ರಿಟನ್ನಿನ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಜಗಳವಾಯಿತು. ಕೆಡಲ್‌ಸ್ಟನ್ ವಿಷಯದಲ್ಲಿ ಆ ಜಗಳಕ್ಕೆ ಹೆಚ್ಚು ಜಾಗವಿಲ್ಲ, ನಂಟು ಕೆಳ ಅಂತಸ್ತಿನ ಗಾಜಿನ ಪೆಟ್ಟಿಗೆಗಳಲ್ಲೇ ಇದೆ.

ಆ ಕಡೆ ಹೋಗುವ ಕನ್ನಡಿಗರಿಗೆ ಒಂದು ಮಾತು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಡರ್ಬಿಗೆ ನೇರ ರೈಲಿದೆ, ಒಂದೂವರೆ ತಾಸಿನ ದಾರಿ, ಅಲ್ಲಿಂದ ಟ್ಯಾಕ್ಸಿ. ಮನೆಯ ಒಳಗೆ ಹೋಗುವ ಮೊದಲು ಉತ್ತರದ ಮುಖ ನೋಡಿ, ಸುತ್ತಿ ಬಂದು ದಕ್ಷಿಣದ್ದನ್ನೂ ನೋಡಿ. ಒಳಗೆ ಹೋದರೆ ಹಜಾರದಲ್ಲೇ ಅರ್ಧ ಸಮಯ ಕಳೆದುಹೋಗುತ್ತದೆ, ಸಂಗ್ರಹಾಲಯಕ್ಕೆ ಕೊನೆಗೆ ಹತ್ತು ನಿಮಿಷವಷ್ಟೇ ಉಳಿಯುತ್ತದೆ. ನಮ್ಮವರು ಅದನ್ನೇ ಮೊದಲು ನೋಡುವುದು ಒಳ್ಳೆಯದು.